ಆರ್‌ವಿ ಛಾವಣಿ: ಮಳೆಗೆ ಸೋರುತ್ತಿದೆಯೋ, ಒಳಗಿನಿಂದ ಬೆವರುತ್ತಿದೆಯೋ?

ಛಾವಣಿಗೆ ಹೊಸ ರಬ್ಬರ್ ಹಾಸು ಹೊದಿಸಿದ್ದಾಯಿತು, ಅಂಚಿನುದ್ದಕ್ಕೂ ಸೀಲೆಂಟ್ ಮೆತ್ತಿದ್ದಾಯಿತು. ಆದರೂ ನವೆಂಬರ್‌ನ ಒಂದು ಬೆಳಗ್ಗೆ ಮಲಗಿದವರ ಹಣೆಯ ಮೇಲೆ ಸೀಲಿಂಗಿನಿಂದ ತಣ್ಣನೆಯ ಹನಿ ಬೀಳುತ್ತದೆ. ವಾರದಿಂದ ಮಳೆಯ ಸುಳಿವಿಲ್ಲ, ಹಿಮವೂ ಬಿದ್ದಿಲ್ಲ. ಟ್ರೈಲರಿನ ಯಜಮಾನರು ಮತ್ತೆ ಏಣಿ ಹತ್ತಿ ಇನ್ನೆರಡು ಟ್ಯೂಬ್ ಸೀಲೆಂಟ್ ಖಾಲಿ ಮಾಡುತ್ತಾರೆ. ಮರುದಿನ ಬೆಳಗ್ಗೆ ಮತ್ತೆ ಹನಿ.

ಅಮೆರಿಕದಲ್ಲಿ ಹಳೆಯ ಆರ್‌ವಿ (ವಾಸಕ್ಕೆ ಅಣಿಗೊಳಿಸಿದ ಗಾಡಿ ಅಥವಾ ಟ್ರೈಲರ್) ಕೊಂಡು, ಬಿಚ್ಚಿ, ಮತ್ತೆ ಕಟ್ಟಿಕೊಳ್ಳಲು ಹೊರಟ ಗೆಳೆಯರಿಂದ ನನಗೆ ಹೆಚ್ಚಾಗಿ ಬರುವ ದೂರು ಇದೇ. ಆ ನೀರು ಆಕಾಶದಿಂದ ಇಳಿದದ್ದಲ್ಲ. ಒಳಗಿದ್ದವರ ಉಸಿರು, ಅಡುಗೆ, ಸ್ನಾನದ ಬಿಸಿನೀರು, ಒಲೆಯಲ್ಲಿ ಉರಿದ ಗ್ಯಾಸ್ ಇವುಗಳಿಂದ ಎದ್ದ ಆವಿ ಸಂದಿಗಳಲ್ಲಿ ನುಸುಳಿ ಛಾವಣಿಯ ಹೊಟ್ಟೆ ಸೇರಿ, ತಣ್ಣನೆಯ ಹಲಗೆಗೆ ತಾಕಿ ನೀರಾಗಿದೆ. ಹೊರಗೆ ಎಷ್ಟು ಸೀಲೆಂಟ್ ಬಳಿದರೂ ಅದು ನಿಲ್ಲುವುದಿಲ್ಲ. ಛಾವಣಿ ಬಿಚ್ಚಿ ಕಟ್ಟುವ ಅವಕಾಶ ಕೈಯಲ್ಲಿರುವಾಗಲೇ ಇದಕ್ಕೆ ಪರಿಹಾರ ಮಾಡಿಕೊಳ್ಳಬೇಕು. ಸೀಲಿಂಗ್ ಮುಚ್ಚಿಬಿಟ್ಟ ಮೇಲೆ ಮತ್ತೆ ಅದನ್ನು ಕಿತ್ತೇ ಕೆಲಸ ಮಾಡಬೇಕಾಗುತ್ತದೆ.

ಹೀಗೇಕೆ ಆಗುತ್ತದೆ?

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಿನ ಆವಿ ಹೊರಬಲ್ಲದು. ಸೊನ್ನೆ ಡಿಗ್ರಿಗೆ ಇಳಿದರೆ 5 ಗ್ರಾಂ ಕೂಡ ಹೊರಲಾರದು. ಉಳಿದದ್ದೆಲ್ಲ ಸಿಕ್ಕ ತಣ್ಣನೆಯ ಮೈಯ ಮೇಲೆ ಹನಿಯಾಗುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಆಗುವಂತೆ. ಒಳಗೆ 20 ಡಿಗ್ರಿ, ಆರ್ದ್ರತೆ ಶೇ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈ ಬೆವರುತ್ತದೆ. ಆರ್ದ್ರತೆ ಶೇ 70ಕ್ಕೆ ಏರಿದರೆ 14 ಡಿಗ್ರಿಯ ಮೈಯೂ ಒದ್ದೆಯೇ. ಮಿಷಿಗನ್ ಅಥವಾ ಮಿನ್ನೆಸೋಟದ ಚಳಿಯಲ್ಲಿ ಛಾವಣಿಯ ಹೊರಹಲಗೆ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ.

ಮನೆಗೂ ಆರ್‌ವಿಗೂ ಇರುವ ವ್ಯತ್ಯಾಸವೆಂದರೆ ಜಾಗದ ಅಳತೆ. ಸಾಧಾರಣ ಗಾತ್ರದ ಟ್ರೈಲರಿನ ಒಳಗೆ 30 ಘನ ಮೀಟರ್‌ನಷ್ಟು ಗಾಳಿ ಇರುತ್ತದೆ ಎನ್ನಿ. 20 ಡಿಗ್ರಿ, ಶೇ 50 ಆರ್ದ್ರತೆಯಲ್ಲಿ ಅದರೊಳಗಿನ ಒಟ್ಟು ಆವಿ ಕಾಲು ಲೀಟರ್ ನೀರಿನಷ್ಟು. ಇಬ್ಬರು ಮಲಗಿದರೆ ಒಂದು ರಾತ್ರಿಯಲ್ಲಿ ಅವರ ಉಸಿರು, ಬೆವರಿನಿಂದಲೇ ಅರ್ಧ ಲೀಟರ್‌ನಷ್ಟು ಸೇರುತ್ತದೆ. ಪ್ರೊಪೇನ್ ಒಂದು ಕಿಲೋ ಉರಿದರೆ ಹುಟ್ಟುವ ನೀರು ಸುಮಾರು 1.6 ಕಿಲೋ. ಅಂದರೆ 20 ಪೌಂಡಿನ ಒಂದು ಸಿಲಿಂಡರನ್ನು ಹೊಗೆಕೊಳವೆಯಿಲ್ಲದ ಹೀಟರಿನಲ್ಲಿ ಉರಿಸಿ ಮುಗಿಸಿದರೆ 14 ಲೀಟರಿಗೂ ಹೆಚ್ಚು ನೀರನ್ನು ಟ್ರೈಲರಿನೊಳಗೆ ಸುರಿದಂತಾಯಿತು. ಹೊರಗೆ ಹೊಗೆಕೊಳವೆ ಇರುವ ಫರ್ನೇಸ್‌ನಲ್ಲಿ ಈ ತೊಂದರೆ ಇಲ್ಲ. ಉರಿದ ಗ್ಯಾಸಿನ ಆವಿ ನೇರ ಹೊರಗೆ ಹೋಗುತ್ತದೆ.

ಇನ್ನು ಛಾವಣಿಯ ರಚನೆ. ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಹಳೆಯ ಟ್ರೈಲರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದು: ಸಣ್ಣ ಮರದ ಜಂತೆಗಳು, ನಡುವೆ ಗ್ಲಾಸ್ ವೂಲ್, ಕೆಳಗೆ ತೆಳುವಾದ ಲುವಾನ್ ಪ್ಲೈವುಡ್ಡಿನ ಸೀಲಿಂಗ್, ಮೇಲೆ ಹಲಗೆ, ಅದರ ಮೇಲೆ ಇಪಿಡಿಎಂ ರಬ್ಬರ್ ಅಥವಾ ತಗಡು. ರಬ್ಬರಾಗಲಿ ತಗಡಾಗಲಿ ಆವಿಯನ್ನು ಮೇಲಕ್ಕೆ ಬಿಟ್ಟುಕೊಡುವುದಿಲ್ಲ. ಒಳಗಿನಿಂದ ಮೇಲೇರಿದ ತೇವಕ್ಕೆ ಹೋಗಲು ದಾರಿ ಇಲ್ಲ. ಅದು ಹಲಗೆಯಲ್ಲೇ ಕೂತು, ಬೇಸಿಗೆಯ ಶಾಖಕ್ಕೆ ಬೂಷ್ಟು ಬೆಳೆಸಿ, ಕೆಲವೇ ವರ್ಷಗಳಲ್ಲಿ ಮರವನ್ನು ಲಡ್ಡು ಮಾಡುತ್ತದೆ.

ಆವಿ ಪ್ಲೈವುಡ್ಡಿನ ಮೂಲಕ ಇಂಗಿ ಮೇಲೇರುವುದು ನಿಧಾನದ ಕೆಲಸ, ಪ್ರಮಾಣವೂ ಕಡಿಮೆ. ದೀಪದ ತೂತು, ವೈರಿನ ಸಂದಿ, ಕಿಂಡಿಯ ಸುತ್ತಲಿನ ಬಿರುಕುಗಳಲ್ಲಿ ಬೆಚ್ಚನೆಯ ಗಾಳಿಯೇ ನುಗ್ಗಿ ಹೊತ್ತೊಯ್ಯುವ ಆವಿ ಅದರ ಹತ್ತಾರು ಪಟ್ಟು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸೀಲಿಂಗಿನಲ್ಲಿರುವ ತೂತುಗಳನ್ನು ಮುಚ್ಚುವುದು ಇನ್ಸುಲೇಷನ್ ದಪ್ಪ ಮಾಡುವುದಕ್ಕಿಂತ ಮುಖ್ಯ.

ಮೊದಲು ರೋಗ ಯಾವುದೆಂದು ಗುರುತಿಸಿ

ಮಳೆಯ ಸೋರಿಕೆ ಮಳೆ ಬಂದ ಮೇಲೆ ಕಾಣಿಸುತ್ತದೆ, ಬೇಸಿಗೆಯಲ್ಲೂ ಕಾಣಿಸುತ್ತದೆ. ಕಲೆ ಮೂಲೆಗಳಲ್ಲಿ, ಅಂಚಿನ ಟ್ರಿಮ್ ಕೆಳಗೆ, ಕಿಂಡಿ ಮತ್ತು ಎಸಿಯ ಪಕ್ಕದಲ್ಲಿ ನಾಲಗೆ ಚಾಚಿದಂತೆ ಹರಡಿರುತ್ತದೆ. ಒಳಗಿನ ಬೆವರು ಚಳಿಯ ಬೆಳಗಿನಲ್ಲಿ, ಅದರಲ್ಲೂ ಒಳಗೆ ಜನ ಮಲಗಿದ್ದ ರಾತ್ರಿಯ ಮರುದಿನ ಕಾಣಿಸಿಕೊಳ್ಳುತ್ತದೆ. ಕಲೆ ಒಂದೇ ಕಡೆ ಇರದೆ ಜಂತೆಗಳ ಉದ್ದಕ್ಕೂ ಗೆರೆಗೆರೆಯಾಗಿ, ಸ್ಕ್ರೂಗಳಿರುವಲ್ಲಿ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಎರಡೂ ಒಟ್ಟಿಗೇ ಇರುವ ಟ್ರೈಲರುಗಳೂ ಬೇಕಾದಷ್ಟಿವೆ.

ಸಂಶಯ ಉಳಿದರೆ ಸಾಬೂನಿನ ಪರೀಕ್ಷೆ ಮಾಡಿ. ಕಿಟಕಿ ಬಾಗಿಲು ಮುಚ್ಚಿ, ಒಂದು ಕಿಂಡಿಗೆ ರಟ್ಟು ಕಟ್ಟಿ ಅದರಲ್ಲಿ ಫ್ಯಾನ್ ಕೂರಿಸಿ ಹೊರಗಿನ ಗಾಳಿಯನ್ನು ಒಳಕ್ಕೆ ತುಂಬಿಸಿ. ಛಾವಣಿಯ ಮೇಲಿನ ಪ್ರತಿ ಜೋಡಣೆಗೂ ಪಾತ್ರೆ ತೊಳೆಯುವ ಸಾಬೂನಿನ ನೀರು ಚಿಮುಕಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತಿದೆ. ಕೊಳಾಯಿ ಪೈಪಿನಿಂದ ನೀರು ಹೊಡೆದು ಒಳಗೆ ಕಾದು ಕೂರುವುದಕ್ಕಿಂತ ಇದು ಒಳ್ಳೆಯದು. ನೀರು ಒಂದು ಕಡೆ ಒಳಹೊಕ್ಕು ಜಂತೆಗುಂಟ ಹರಿದು ಐದಾರು ಅಡಿ ಆಚೆ ತೊಟ್ಟಿಕ್ಕಬಹುದು. ಗುಳ್ಳೆ ಮಾತ್ರ ತೂತಿನ ಮೇಲೇ ಏಳುತ್ತದೆ.

ಸೀಲಿಂಗ್ ಬಿಚ್ಚಿದಾಗ ಹಳೆಯ ಗ್ಲಾಸ್ ವೂಲನ್ನು ಕೂಡಲೇ ಚೀಲಕ್ಕೆ ತುಂಬಬೇಡಿ, ಸ್ವಲ್ಪ ನೋಡಿ. ಹಳದಿ ಅಥವಾ ಗುಲಾಬಿ ಬಣ್ಣದ ಉಣ್ಣೆ ಕೆಲವೆಡೆ ಬೂದುಗಪ್ಪಾಗಿರುತ್ತದೆ. ಎಲ್ಲರೂ ಅದನ್ನು ಬೂಷ್ಟು ಎಂದುಕೊಳ್ಳುತ್ತಾರೆ. ಮುಟ್ಟಿ ನೋಡಿದರೆ ಒಣಗಿದ ದೂಳು. ವರ್ಷಗಟ್ಟಲೆ ಒಳಗಿನ ಗಾಳಿ ಆ ಜಾಗದಲ್ಲಿ ನುಸುಳಿ ಹೋಗಿದೆ, ಉಣ್ಣೆ ಅದರ ದೂಳನ್ನು ಸೋಸಿಕೊಂಡಿದೆ. ಕಪ್ಪು ಮಚ್ಚೆಯ ನೇರ ಕೆಳಗೆ ದೀಪದ ತೂತೋ, ಸ್ಪೀಕರಿನ ತೂತೋ ಇರುತ್ತದೆ. ಮೇಲಿನ ಹಲಗೆಯಿಂದ ಇಳಿದ ಸ್ಕ್ರೂಗಳ ತುದಿ ನೋಡಿ: ಒಂದೊಂದರ ಸುತ್ತಲೂ ತುಕ್ಕಿನ ಕಂದು ಉಂಗುರ. ಲೋಹ ಬೇಗ ತಣಿಯುತ್ತದೆ, ಮೊದಲ ಹನಿ ಕಟ್ಟುವುದು ಅಲ್ಲೇ. ಈ ಗುರುತುಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಸೀಲಿಂಗಿನಲ್ಲಿ ಎಲ್ಲಿ ಹೆಚ್ಚು ಎಚ್ಚರ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ.

ಛಾವಣಿಯ ಹೊಟ್ಟೆಗೆ ಗಾಳಿ ಬಿಡಬೇಕೇ, ಬೇಡವೇ?

ಮನೆ ಕಟ್ಟಿದ ಅನುಭವ ಇರುವವರು ಇಲ್ಲೇ ದಾರಿ ತಪ್ಪುವುದು. ಮನೆಯ ಅಟ್ಟಕ್ಕೆ ಕೆಳಗಿನ ಸೂರಿನಲ್ಲಿ ಒಂದು ಕಿಂಡಿ, ಮೇಲಿನ ನೆತ್ತಿಯಲ್ಲಿ ಒಂದು ಕಿಂಡಿ ಇರುತ್ತದೆ. ತಣ್ಣನೆಯ ಗಾಳಿ ಕೆಳಗಿನಿಂದ ಹೊಕ್ಕು ತೇವ ಹೊತ್ತು ಮೇಲಿನಿಂದ ಹೊರಡುತ್ತದೆ. ಅದನ್ನೇ ಆರ್‌ವಿಗೂ ಮಾಡೋಣ ಎಂದು ಛಾವಣಿಗೆ ನಾಲ್ಕು ಅಣಬೆ ಕಿಂಡಿ ಕೂರಿಸಿದವರಿದ್ದಾರೆ.

ಆರ್‌ವಿಯಲ್ಲಿ ಇದು ಕೆಲಸ ಮಾಡುವುದಿಲ್ಲ. ಜಂತೆಗಳು ಅಡ್ಡಡ್ಡವಾಗಿರುವುದರಿಂದ ಎರಡು ಜಂತೆಗಳ ನಡುವಿನ ಪ್ರತಿ ಜಾಗವೂ ಒಂದೊಂದು ಬೇರೆ ಪೆಟ್ಟಿಗೆ. ಒಂದು ಅಣಬೆ ಕಿಂಡಿ ಒಂದು ಪೆಟ್ಟಿಗೆಗಷ್ಟೇ ಗಾಳಿ ಕೊಡುತ್ತದೆ. ಛಾವಣಿ ಹೆಚ್ಚುಕಡಿಮೆ ಚಪ್ಪಟೆಯಾದ್ದರಿಂದ ಬಿಸಿಗಾಳಿ ತಾನಾಗಿ ಮೇಲೇರಿ ಹೊರಡುವ ಸೆಳೆತವೂ ಇಲ್ಲ. ಗಂಟೆಗೆ 60 ಮೈಲಿಯಲ್ಲಿ ಓಡುವಾಗ ಆ ಕಿಂಡಿಗಳಿಂದಲೇ ಮಳೆ, ದೂಳು ಒಳನುಗ್ಗುತ್ತವೆ. ಸೀಲಿಂಗಿನಲ್ಲಿ ತೂತುಗಳಿದ್ದರಂತೂ ಅಣಬೆ ಕಿಂಡಿ ಒಳಗಿನ ಬೆಚ್ಚನೆಯ ಗಾಳಿಯನ್ನು ಛಾವಣಿಯೊಳಕ್ಕೆ ಎಳೆದುಕೊಳ್ಳುತ್ತದೆ, ರೋಗ ಉಲ್ಬಣಿಸುತ್ತದೆ.

ನನ್ನ ಸಲಹೆ ಸ್ಪಷ್ಟ: ಛಾವಣಿಯ ಹೊಟ್ಟೆಯಲ್ಲಿ ಖಾಲಿ ಜಾಗವೇ ಉಳಿಯದಂತೆ ಫೋಮ್ ಹಲಗೆ ತುಂಬಿ, ಸೀಲಿಂಗನ್ನು ಗಾಳಿಯಾಡದಂತೆ ಮುಚ್ಚಿ, ವಾಸದ ಜಾಗದ ಆವಿಯನ್ನು ಫ್ಯಾನಿನಿಂದ ಹೊರಹಾಕಿ. ಗಾಳಿ ಆಡಬೇಕಾದದ್ದು ಮನುಷ್ಯರಿರುವಲ್ಲಿ. ಹೊಸ ಛಾವಣಿಯ ಮೇಲೆ ರೀಪು ಹೊಡೆದು, ಅದರ ಮೇಲೆ ಇನ್ನೊಂದು ಹಲಗೆ ಹಾಸಿ, ನಡುವೆ ಉದ್ದಕ್ಕೂ ಗಾಳಿದಾರಿ ಬಿಡುವ ವಿಧಾನವೂ ಉಂಟು. ತೂಕ, ಎತ್ತರ, ಖರ್ಚು ಮೂರೂ ಏರುವುದರಿಂದ ಸಾಮಾನ್ಯ ಟ್ರೈಲರಿಗೆ ನಾನು ಅದನ್ನು ಹೇಳುವುದಿಲ್ಲ.

ಕೆಲಸದ ಕ್ರಮ

1. ಒಣಗಿಸಿ. ಎರಡು ಮುಳ್ಳಿನ ತೇವಮಾಪಕ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತದೆ. ಮರದ ತೇವ ಶೇ 20 ದಾಟಿದ್ದರೆ ಕೊಳೆಯುವ ಅಪಾಯವಿದೆ. ಶೇ 15ರ ಕೆಳಗೆ ಇಳಿಯುವವರೆಗೆ ಏನನ್ನೂ ಮುಚ್ಚಬೇಡಿ. ಒದ್ದೆ ಮರದ ಮೇಲೆ ರಬ್ಬರ್, ಕೆಳಗೆ ಫೋಮ್ ಹಾಕಿದರೆ ಆ ನೀರಿಗೆ ನೀವೇ ಬೀಗ ಹಾಕಿದಂತೆ. ಫ್ಯಾನು, ಡಿಹ್ಯೂಮಿಡಿಫೈಯರ್ ಇಟ್ಟು ಬೇಕಾದರೆ ಎರಡು ವಾರ ಕಾಯಿರಿ.

2. ಕೊಳೆತದ್ದನ್ನು ಕತ್ತರಿಸಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗಿಳಿಯುವ ಮರವನ್ನೆಲ್ಲ ತೆಗೆಯಿರಿ. ಕೊಳೆತ ಗುರುತು ಮುಗಿದ ಮೇಲೂ ಒಂದಷ್ಟು ಗಟ್ಟಿ ಮರ ಸೇರಿಸಿಯೇ ಕತ್ತರಿಸುವುದು ಕ್ಷೇಮ. ಉಳಿದ ಜಂತೆಯ ಪಕ್ಕಕ್ಕೆ ಹೊಸ ಪಟ್ಟಿಯನ್ನು ಅಂಟು, ಸ್ಕ್ರೂ ಎರಡರಿಂದಲೂ ಜೋಡಿಸಿ. ಬೂಷ್ಟು ಹಿಡಿದ ಪ್ಲೈವುಡ್ಡಿಗೆ ಬ್ಲೀಚ್ ಬಳಿದು ಬಿಳಿ ಮಾಡಿದರೆ ಸಾಲದು. ಮರದ ಒಳಗಿಳಿದ ಬೇರುಗಳನ್ನು ಬ್ಲೀಚ್ ಮುಟ್ಟುವುದಿಲ್ಲ, ಅದರಲ್ಲಿರುವ ನೀರು ಮಾತ್ರ ಮರಕ್ಕೆ ಇಂಗುತ್ತದೆ.

3. ಇಳಿಜಾರು ಕೊಡಿ. ಹಳೆಯ ಛಾವಣಿಗಳು ಎಸಿಯ ಭಾರಕ್ಕೆ ನಡುವೆ ತಗ್ಗಿರುತ್ತವೆ, ಅಲ್ಲಿ ನೀರು ನಿಲ್ಲುತ್ತದೆ. ಎಸಿ ಕೂರುವ ಜಾಗದ ಎರಡೂ ಬದಿ ಜಂತೆ ಜೋಡಿ ಮಾಡಿ. ಜಂತೆಗಳ ಮೇಲೆ ನಡುವೆ ದಪ್ಪ, ಅಂಚಿಗೆ ತೆಳು ಆಗುವಂತೆ ಸೀಳಿದ ಪಟ್ಟಿ ಕೂರಿಸಿದರೆ ನೀರು ಬದಿಗೆ ಹರಿಯುತ್ತದೆ.

4. ಹೊರಮೈ. ಹಲಗೆಯ ಮೇಲೆ ಇಪಿಡಿಎಂ ಅಥವಾ ಟಿಪಿಓ ಹಾಸನ್ನು ಅದಕ್ಕೆಂದೇ ಹೇಳಿದ ಅಂಟಿನಿಂದ ಕೂರಿಸಿ. ಕಿಂಡಿ, ಪೈಪು, ಅಂಚಿನ ಟ್ರಿಮ್ ಎಲ್ಲದರ ಅಡಿಗೂ ಬ್ಯುಟೈಲ್ ಟೇಪ್ ಇಟ್ಟು ಸ್ಕ್ರೂ ಬಿಗಿಯಿರಿ. ಬದಿಗೆ ಹೊಮ್ಮಿದ ಟೇಪನ್ನು ಪ್ಲಾಸ್ಟಿಕ್ ಚೂರಿಯಿಂದ ಕತ್ತರಿಸಿ. ಮೇಲೆ ಸ್ಕ್ರೂ ತಲೆಗಳು ಮುಚ್ಚುವಂತೆ, ತಾನೇ ಹರಡಿ ಸಮವಾಗುವ ಲ್ಯಾಪ್ ಸೀಲೆಂಟ್. ನೀರು ತಡೆಯುವ ಮುಖ್ಯ ಕೆಲಸ ಅಡಿಯಲ್ಲಿರುವ ಬ್ಯುಟೈಲಿನದು, ಮೇಲಿನ ಸೀಲೆಂಟ್ ಅದಕ್ಕೆ ಬಿಸಿಲಿನಿಂದ ರಕ್ಷಣೆ.

5. ಫೋಮ್ ಹಲಗೆ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ ಶಾಖ ತಡೆಯುವ ಅಳತೆಯಲ್ಲಿ ಇಂಚಿಗೆ ಆರ್-5ರಷ್ಟು ತಡೆಯುತ್ತದೆ. ಗ್ಲಾಸ್ ವೂಲ್ ತಡೆಯುವುದು ಆರ್-3ಕ್ಕಿಂತ ತುಸು ಹೆಚ್ಚು. ಪಾಲಿಐಸೊ ಇನ್ನೂ ಹೆಚ್ಚು ತಡೆಯುತ್ತದೆ, ಆದರೆ ಕಡುಚಳಿಯಲ್ಲಿ ಅದರ ಬಲ ಕುಂದುತ್ತದೆ. ಮುಖ್ಯವಾದದ್ದು ಕೂರಿಸುವ ರೀತಿ. ಹಲಗೆಯು ಹೊರ ಪ್ಲೈವುಡ್ಡಿಗೆ ಒತ್ತಿಕೊಂಡಿರಬೇಕು, ನಡುವೆ ಬೆರಳಿನಷ್ಟೂ ಸಂದಿ ಬೇಡ. ಸುತ್ತ ಕಾಲು ಇಂಚು ಕಡಿಮೆ ಕತ್ತರಿಸಿ, ಆ ಸಂದಿಗೆ ಡಬ್ಬಿಯ ಸ್ಪ್ರೇ ಫೋಮ್ ತುಂಬಿ. ಬಿಗಿಯಾಗಿ ಕತ್ತರಿಸಿ ತುರುಕಿದ ಹಲಗೆ ಗಾಡಿ ಓಡುವಾಗ ಕಿರುಗುಟ್ಟುತ್ತದೆ, ಮೂಲೆಗಳಲ್ಲಿ ಗಾಳಿಯೂ ನುಸುಳುತ್ತದೆ. ಎರಡು ಪದರ ಹಾಕುವುದಾದರೆ ಮೇಲಿನ ಜೋಡಣೆಯ ಕೆಳಗೆ ಕೆಳಗಿನ ಜೋಡಣೆ ಬಾರದಂತೆ ಹೊಂದಿಸಿ.

6. ಕಿಂಡಿಯ ಚೌಕಟ್ಟು. ಸಾಮಾನ್ಯವಾಗಿ ಎಲ್ಲರೂ ಮರೆಯುವ ಜಾಗ. ಫ್ಯಾನಿಗೂ ಎಸಿಗೂ ಛಾವಣಿಯಲ್ಲಿ 14 ಇಂಚಿನ ಚೌಕದ ತೂತು ಇರುತ್ತದೆ. ಕೆಳಗಿನಿಂದ ಪ್ಲಾಸ್ಟಿಕ್ ಪಟ್ಟಿ ಮುಚ್ಚಿರುವುದರಿಂದ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಪಟ್ಟಿ ತೆಗೆದು ನೋಡಿ: ಸೀಲಿಂಗಿಗೂ ಮೇಲಿನ ಹಲಗೆಗೂ ನಡುವೆ ನಾಲ್ಕೂ ಬದಿ ತೆರೆದೇ ಇರುತ್ತದೆ. ಸ್ನಾನದ ಆವಿ ಫ್ಯಾನಿನತ್ತ ಏರುತ್ತಾ ಈ ಬಾಯಿಯಲ್ಲಿ ನೇರ ಛಾವಣಿಯೊಳಕ್ಕೆ ನುಗ್ಗುತ್ತದೆ. ನಾಲ್ಕೂ ಬದಿಗೆ ಮರದ ಚೌಕಟ್ಟು ಕೂರಿಸಿ, ಒಳಮೂಲೆಗಳಿಗೆ ಸೀಲೆಂಟ್ ಎಳೆದು, ಮೇಲಿನ ಹಲಗೆಯಿಂದ ಸೀಲಿಂಗಿನವರೆಗೆ ಪೂರಾ ಮುಚ್ಚಿ. ಕಿಂಡಿಗೆ ಬಲವೂ ಬರುತ್ತದೆ.

7. ಎಸಿ ಕೊಳವೆ. ಸೀಲಿಂಗಿನೊಳಗೆ ತಣ್ಣನೆಯ ಗಾಳಿಯ ಕೊಳವೆ ಹಾಯಿಸಿದ ಟ್ರೈಲರಾದರೆ ಪ್ರತಿ ಜೋಡಣೆಗೂ ಅಲ್ಯೂಮಿನಿಯಂ ಟೇಪ್ ಸುತ್ತಿ. ಬಟ್ಟೆಯ ಡಕ್ಟ್ ಟೇಪ್ ಕೆಲವು ಬೇಸಿಗೆಗಳಲ್ಲೇ ಒಣಗಿ ಕಳಚುತ್ತದೆ.

8. ಸೀಲಿಂಗ್. ತೂತು ಕಡಿಮೆ ಮಾಡಿ: ಒಳಗೆ ಹುದುಗುವ ದೀಪಗಳ ಬದಲು ಮೈಮೇಲೆ ಅಂಟುವ ತೆಳು ಎಲ್‌ಇಡಿ ದೀಪ ಹಾಕಿದರೆ ವೈರಿಗಷ್ಟೇ ತೂತು ಸಾಕು, ಅದನ್ನೂ ಸೀಲೆಂಟಿನಿಂದ ಮುಚ್ಚಿ. ಹಲಗೆಗಳ ಜೋಡಣೆಗೆ ಟೇಪ್, ಗೋಡೆ ಸೇರುವ ಅಂಚಿಗೆ ಸೀಲೆಂಟ್. ಅಂದಕ್ಕೆಂದು ಹೊಡೆಯುವ ಪಟ್ಟಿಗಳು ಆಮೇಲೆ. ಬರೀ ಪಟ್ಟಿಯಿಂದ ಗಾಳಿ ನಿಲ್ಲುವುದಿಲ್ಲ.

ಸೀಲಿಂಗ್ ಮುಚ್ಚುವ ಮೊದಲು ಸಾಬೂನು ಪರೀಕ್ಷೆ ಇನ್ನೊಮ್ಮೆ ಮಾಡಿ.

ಫ್ಯಾನು ಹೇಗಿರಬೇಕು, ಹೇಗೆ ಓಡಿಸಬೇಕು

12 ವೋಲ್ಟಿನ ಒಳ್ಳೆಯ ಛಾವಣಿ ಫ್ಯಾನುಗಳು ಪೂರ್ಣ ವೇಗದಲ್ಲಿ ನಿಮಿಷಕ್ಕೆ 900 ಘನ ಅಡಿಯಷ್ಟು ಗಾಳಿ ಸೆಳೆಯುತ್ತವೆ ಎಂದು ತಯಾರಕರು ಹೇಳುತ್ತಾರೆ. ಅಂದರೆ ನಮ್ಮ 30 ಘನ ಮೀಟರಿನ ಟ್ರೈಲರಿನ ಗಾಳಿ ಒಂದೂಕಾಲು ನಿಮಿಷದಲ್ಲಿ ಪೂರಾ ಬದಲು. ರಾತ್ರಿಗೆ ಅಷ್ಟು ಬೇಡ. ತೀರಾ ಕಡಿಮೆ ವೇಗದಲ್ಲಿ ಸದ್ದಿಲ್ಲದೆ ಓಡಿದರೆ ಸಾಕು, ಬ್ಯಾಟರಿಗೂ ಹೊರೆಯಾಗದು. ಹಾಗಾಗಿ ಕೊಳ್ಳುವಾಗ ಎಷ್ಟು ಜೋರಾಗಿ ತಿರುಗುತ್ತದೆ ಎಂಬುದಕ್ಕಿಂತ ಎಷ್ಟು ನಿಧಾನವಾಗಿ ತಿರುಗಬಲ್ಲದು ಎಂದು ಕೇಳಿ. ಮಳೆಯಲ್ಲೂ ತೆರೆದಿಡಬಹುದಾದ ಮುಚ್ಚಳ ಇರಲಿ. ಮಳೆ ಬಂತೆಂದು ಕಿಂಡಿ ಮುಚ್ಚುವ ದಿನವೇ ಎಲ್ಲರೂ ಒಳಗೆ ಕೂತು ಚಹಾ ಕಾಯಿಸುವುದು, ಒದ್ದೆ ಬಟ್ಟೆ ಹರವುವುದು.

ಫ್ಯಾನಿನ ಜಾಗ ಸ್ನಾನದ ಕೋಣೆ ಮತ್ತು ಒಲೆಗೆ ಹತ್ತಿರವಿರಲಿ. ಅದಕ್ಕೆ ಗಾಳಿ ಒದಗಿಸುವ ಕಿಟಕಿ ಅತಿ ದೂರದ್ದಾಗಿರಲಿ, ಮಲಗುವ ಕಡೆಯದಾದರೆ ಇನ್ನೂ ಒಳ್ಳೆಯದು. ಎರಡು ಬೆರಳಿನಷ್ಟು ತೆರೆದರೆ ಸಾಕು. ಒಲೆಯ ಮೇಲಿನ ಹುಡ್‌ಗೆ ಹೊರಗೋಡೆಯಲ್ಲಿ ಒಂದು ರೆಕ್ಕೆ ಬಾಗಿಲು ಇರುತ್ತದೆ, ಪ್ರಯಾಣದಲ್ಲಿ ಬಡಿಯದಿರಲೆಂದು ಅದಕ್ಕೆ ಚಿಲಕವೂ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಚಿಲಕ ವರ್ಷಗಳಿಂದ ಹಾಗೇ ಹಾಕಿರುತ್ತದೆ. ಇನ್ನು ಕೆಲವು ಹುಡ್‌ಗಳು ಗಾಳಿಯನ್ನು ಸೋಸಿ ಒಳಕ್ಕೇ ಬಿಡುತ್ತವೆ, ಆವಿಗೆ ಅವುಗಳಿಂದ ಏನೂ ಉಪಯೋಗವಿಲ್ಲ.

"ಹೊರಗೆ ಮಂಜು, ಮಳೆ. ಆ ಥಂಡಿ ಗಾಳಿ ಒಳಗೆ ತಂದರೆ ಇನ್ನೂ ತೇವವಾಗದೇ?" ಇದು ಬಹಳ ಜನರ ಅನುಮಾನ. ಆಗುವುದಿಲ್ಲ. ಸಿಯಾಟಲ್‌ನ ಚಳಿಗಾಲದ 7 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿಯಲ್ಲಿರುವುದು ಘನ ಮೀಟರಿಗೆ 7 ಗ್ರಾಂ ಆವಿ ಮಾತ್ರ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ ಆರ್ದ್ರತೆ ಶೇ 40ಕ್ಕೆ ಇಳಿಯುತ್ತದೆ. ತುಸು ಶಾಖ ನಷ್ಟವಾಗುತ್ತದೆ ನಿಜ, ಛಾವಣಿ ಉಳಿಯುತ್ತದೆ. ಚಳಿಗಾಲದಲ್ಲಿ ಒಳಗಿನ ಆರ್ದ್ರತೆ ಶೇ 30ರಿಂದ 50ರ ನಡುವೆ ಇರಲಿ. ಎರಡು ಅಗ್ಗದ ಆರ್ದ್ರತಾಮಾಪಕ ತನ್ನಿ, ಒಂದು ಹಾಸಿಗೆಯ ಬಳಿ, ಇನ್ನೊಂದು ಬಟ್ಟೆಯ ಕಪಾಟಿನೊಳಗೆ.

ಹ್ಯೂಸ್ಟನ್ ಅಥವಾ ಫ್ಲಾರಿಡದ ಬೇಸಿಗೆಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹೊರಗಿನ ಗಾಳಿಯೇ ಆವಿಯಿಂದ ಭಾರವಾಗಿರುತ್ತದೆ. ಎಸಿ ಓಡುವಾಗ ಕಿಂಡಿ ತೆರೆದರೆ ತಣ್ಣನೆಯ ಸೀಲಿಂಗೇ ಬೆವರುತ್ತದೆ. ಎಸಿ ಇರುವಾಗ ಮುಚ್ಚಿಡಿ; ಅಡುಗೆ, ಸ್ನಾನದ ಹೊತ್ತಿಗಷ್ಟೇ ಫ್ಯಾನು. ಇದೇ ಕಾರಣಕ್ಕೆ ಸೀಲಿಂಗಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ರಬ್ಬರ್, ಕೆಳಗೆ ಪ್ಲಾಸ್ಟಿಕ್ ಇದ್ದರೆ ನಡುವೆ ಸಿಕ್ಕ ತೇವ ಯಾವ ಕಡೆಯೂ ಒಣಗದು. ಆರ್‌ವಿ ಒಂದೇ ಊರಿನಲ್ಲಿ ನಿಲ್ಲುವುದಿಲ್ಲ: ಡಿಸೆಂಬರ್‌ನಲ್ಲಿ ಮಿಷಿಗನ್‌ನಲ್ಲಿದ್ದ ಗಾಡಿ ಜುಲೈನಲ್ಲಿ ಟೆಕ್ಸಸ್‌ನಲ್ಲಿರಬಹುದು. ಗಾಳಿ ನಿಲ್ಲಬೇಕು, ಆದರೆ ಹಲಗೆ ನಿಧಾನವಾಗಿಯಾದರೂ ಒಳಮುಖವಾಗಿ ಒಣಗುವಂತಿರಬೇಕು. ಟೇಪ್ ಹಾಕಿದ ಪ್ಲೈವುಡ್ ಸೀಲಿಂಗ್ ಇವೆರಡನ್ನೂ ಮಾಡುತ್ತದೆ.

ಎಚ್ಚರಿಕೆ

ಕಿಟಕಿ ಒಂದೂ ತೆರೆಯದೆ ಫ್ಯಾನನ್ನು ಜೋರಾಗಿ ಓಡಿಸಬೇಡಿ. ನೀವು ಛಾವಣಿಯನ್ನು ಚೆನ್ನಾಗಿ ಮುಚ್ಚಿದಷ್ಟೂ ಇದರ ಅಪಾಯ ಹೆಚ್ಚು. ಗಾಳಿ ಎಲ್ಲಿಂದಲಾದರೂ ಬರಲೇಬೇಕಲ್ಲ: ಗ್ಯಾಸ್ ಫ್ರಿಜ್ಜಿನ ಹಿಂಬದಿಯಿಂದ ಉರಿದ ಹೊಗೆಯನ್ನು, ಚರಂಡಿ ಟ್ಯಾಂಕಿನಿಂದ ದುರ್ವಾಸನೆಯನ್ನು ಒಳಕ್ಕೆ ಎಳೆಯಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ ಎರಡೂ ಇರಬೇಕು, ಹಿಂಬದಿಯಲ್ಲಿ ಅಚ್ಚಾದ ಅವಧಿ ಮುಗಿದಿರಬಾರದು. ಕೊಳವೆಯಿಲ್ಲದ ಹೀಟರನ್ನು ಹಚ್ಚಿಟ್ಟು ಮಲಗಬೇಡಿ.

ಫ್ರಿಜ್ಜಿನ ಮೇಲಿನ ಛಾವಣಿ ಕಿಂಡಿ ಮತ್ತು ಟ್ಯಾಂಕಿನ ವಾಸನೆ ಕೊಳವೆಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಅವು ಛಾವಣಿಯ ಹೊಟ್ಟೆಯಲ್ಲಿ ಕೊನೆಯಾಗದೆ ಹಾಸಿನಿಂದ ಹೊರಗೆ ಬಂದಿರಬೇಕು. ಬಿಸಿಯಾಗುವ ಹೊಗೆಕೊಳವೆಯ ಸುತ್ತ ಫೋಮ್ ಬೇಡ, ಅಲ್ಲಿ ಬೆಂಕಿ ತಾಳುವ ಮಿನರಲ್ ವೂಲ್ ಹಾಕಿ. ಪಿವಿಸಿ ಹೊದಿಕೆಯ ವೈರು ಎಕ್ಸ್‌ಪಿಎಸ್, ಥರ್ಮೊಕೋಲಿನಂಥ ಫೋಮಿಗೆ ಸದಾ ತಾಕಿಕೊಂಡಿದ್ದರೆ ಹೊದಿಕೆ ಕಾಲಕ್ರಮೇಣ ಬಿರುಸಾಗುತ್ತದೆ. ವೈರುಗಳನ್ನು ಕೊಳವೆಯೊಳಗೆ ಹಾಯಿಸಿ.

ಬಿಚ್ಚುವಾಗ ಎನ್-95 ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು. ಛಾವಣಿಯ ಮೇಲೆ ನಡೆಯುವಾಗ ಜಂತೆ ಇರುವಲ್ಲಿ ಮಾತ್ರ ಕಾಲಿಡಿ, ಅಗಲವಾದ ಹಲಗೆ ಹಾಕಿಕೊಂಡರೆ ಇನ್ನೂ ಕ್ಷೇಮ. ಹೊಸ ಪ್ಲೈವುಡ್ ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಕಡಿಮೆ ಇರುವುದನ್ನೇ ಆರಿಸಿ. 2005ರ ಕತ್ರಿನಾ ಚಂಡಮಾರುತದ ನಂತರ ಮನೆ ಕಳೆದುಕೊಂಡವರಿಗೆ ಕೊಟ್ಟ ಟ್ರೈಲರುಗಳಲ್ಲಿ ಈ ಅನಿಲದ ಮಟ್ಟ ಹೆಚ್ಚಿದ್ದುದು ಸರ್ಕಾರಿ ಪರೀಕ್ಷೆಯಲ್ಲೇ ಕಂಡುಬಂದಿತ್ತು. ಚಿಕ್ಕ ಜಾಗ, ಆಡದ ಗಾಳಿ, ಅಗ್ಗದ ಹಲಗೆ ಮೂರೂ ಸೇರಿದಾಗ ತೊಂದರೆ ಅನುಭವಿಸಿದವರು ಅಲ್ಲಿ ವಾಸವಿದ್ದವರು.

ಸಾಮಾನ್ಯವಾಗಿ ಆಗುವ ತಪ್ಪುಗಳು

ರಬ್ಬರ್ ಹಾಸಿನ ಮೇಲೆ ಸಿಲಿಕೋನ್ ಬಳಿಯುವುದು ಮೊದಲನೆಯದು. ಅದು ರಬ್ಬರಿಗೆ ಸರಿಯಾಗಿ ಹಿಡಿಯುವುದಿಲ್ಲ. ಕಿತ್ತ ಮೇಲೆ ಉಳಿಯುವ ಅಂಶದ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ. ಹಾಗೆಯೇ ಪೆಟ್ರೋಲಿಯಂ ದ್ರಾವಕದಿಂದ ಇಪಿಡಿಎಂ ಒರೆಸಿದರೆ ರಬ್ಬರ್ ಉಬ್ಬುತ್ತದೆ. ಸಾಬೂನು ನೀರೇ ಸಾಕು.

ಬಬಲ್ ಹಾಳೆಯಂಥ ಹೊಳೆಯುವ ಹಾಸನ್ನು ಇನ್ಸುಲೇಷನ್ ಎಂದು ನಂಬಿ ಹಲಗೆಗೆ ಅಂಟಿಸುವವರಿದ್ದಾರೆ. ಹೊಳೆಯುವ ಮೈಯ ಮುಂದೆ ಗಾಳಿಯ ಅಂತರ ಇದ್ದರೆ ಮಾತ್ರ ಅದು ಶಾಖವನ್ನು ಹಿಂದಿರುಗಿಸೀತು. ಎರಡು ಹಲಗೆಗಳ ನಡುವೆ ಒತ್ತಿಹೋದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ನೀಲಿ ಪ್ಲಾಸ್ಟಿಕ್ ಟಾರ್ಪಾಲಿನ್ ಬಿಗಿಯಾಗಿ ಕಟ್ಟುವುದು ಇನ್ನೊಂದು. ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಗಾಳಿಗೆ ಬಡಿದು ಟಾರ್ಪಾಲಿನ್ ಅಂಚು ಹಾಸನ್ನೂ ಉಜ್ಜುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ; ಮಳೆ ನುಗ್ಗದ ಟೋಪಿ ಕೂರಿಸಿ ಛಾವಣಿ ಕಿಂಡಿಯನ್ನು ತುಸು ತೆರೆದಿಡಿ. ಹಾಸಿಗೆಗಳನ್ನು ಎತ್ತಿ ನಿಲ್ಲಿಸಿ, ಕಪಾಟುಗಳ ಬಾಗಿಲು ತೆರೆದಿಡಿ. ತೇವ ಹೀರುವ ಉಪ್ಪಿನ ಡಬ್ಬಿಗಳು ಕಪಾಟಿಗೆ ಸರಿ, ಇಡೀ ಟ್ರೈಲರಿಗೆ ಸಾಲವು. ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ಚಳಿಯಲ್ಲಿ ಮಂಜು ಕಟ್ಟಿ ನಿಲ್ಲುತ್ತದೆ. ಆ ಕಾಲಕ್ಕೆ ಡೆಸಿಕೆಂಟ್ ಬಗೆಯದು ವಾಸಿ.

ಊರಲ್ಲಿ ವ್ಯಾನ್ ಕಟ್ಟಿಸುವವರಿಗೆ

ಬೆಂಗಳೂರಿನಲ್ಲಿ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸುವವರಿಗೆ ಮರದ ಜಂತೆಯ ಚಿಂತೆ ಇಲ್ಲ, ಉಕ್ಕಿನ ಛಾವಣಿಯ ಚಿಂತೆ ಇದೆ. ಆಗುಂಬೆ, ಮಡಿಕೇರಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯೂ ಒಳಗಿನ ಗಾಳಿಯೂ ಒಂದೇ ಥರ ಒದ್ದೆ. ಬರೀ ಕಿಂಡಿ ತೆರೆದರೆ ಏನೂ ಒಣಗದು. ಅಲ್ಲಿ ಎರಡು ಕೆಲಸ ಮುಖ್ಯ: ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮನ್ನು ಉಕ್ಕಿಗೆ ಸಂದಿಯಿಲ್ಲದಂತೆ ಅಂಟಿಸುವುದು, ಮತ್ತು ದಿನಕ್ಕೆ ಒಂದಿಷ್ಟು ಹೊತ್ತು ಎಸಿ ಓಡಿಸಿ ಒಳಗನ್ನು ಒಣಗಿಸುವುದು. ಛಾವಣಿಗೆ ತೂತು ಕೊರೆಯುವ ಮುನ್ನ ಆರ್‌ಟಿಓದಲ್ಲಿ ವಿಚಾರಿಸಿ. ವಾಹನದ ಮೂಲ ರಚನೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧ ಹೇರುತ್ತದೆ.

ಕಟ್ಟಿದ ಮೇಲೆ

ಮೂರು ತಿಂಗಳಿಗೊಮ್ಮೆ ಛಾವಣಿ ಹತ್ತಿ ಸೀಲೆಂಟ್ ಬಿರುಕು ಬಿಟ್ಟಿದೆಯೇ ನೋಡಿ, ಮುಖ್ಯವಾಗಿ ಮುಂದಿನ ಅಂಚು ಮತ್ತು ಟ್ರಿಮ್ ತಿರುಗುವ ಮೂಲೆಗಳನ್ನು. ಮೊದಲ ಚಳಿಗಾಲ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಕಿಂಡಿಯ ಪಕ್ಕದ ಪ್ಲಾಸ್ಟಿಕ್ ಪಟ್ಟಿ ತೆಗೆದು ತೇವಮಾಪಕದ ಮುಳ್ಳನ್ನು ಮರದ ಚೌಕಟ್ಟಿಗೆ ಚುಚ್ಚಿ. ಮಲಗುವ ಕಡೆಯ ಒಂದು ದೀಪ ಕಳಚಿ, ಅಲ್ಲಿ ಸಿಗುವ ಜಂತೆಗೂ ಚುಚ್ಚಿ. ಶೇ 15ರೊಳಗೆ ಇದ್ದರೆ ಪಟ್ಟಿ ಮತ್ತೆ ಹಾಕಿ, ತಾರೀಖು ಮತ್ತು ಅಂಕಿ ಬರೆದಿಡಿ. ಶೇ 16ರಿಂದ 20 ಇದ್ದರೆ ರಾತ್ರಿಯ ಫ್ಯಾನಿನ ವೇಗ ಒಂದು ಹಂತ ಏರಿಸಿ, ತಿಂಗಳು ಬಿಟ್ಟು ಮತ್ತೆ ಅಳೆಯಿರಿ. 20 ದಾಟಿದ್ದರೆ ಎಲ್ಲೋ ಒಂದು ತೂತು ಉಳಿದುಹೋಗಿದೆ; ಬೇಸಿಗೆಯ ಶಾಖ ಏರುವ ಮೊದಲೇ ಸಾಬೂನು ನೀರು ಹಿಡಿದು ಹುಡುಕಿ.